ಪರದೆ ನೋಡಿ ಜಿಪಿಎಸ್ ಕೊಳ್ಳಬೇಡಿ

ಕಾರಿಗೊಂದು ಜಿಪಿಎಸ್ ಕೊಳ್ಳಲು ಹೊರಟಿದ್ದೀರಾ? ಪರದೆಯ ಅಳತೆ, ಬೆಲೆ ಇವೆರಡನ್ನೇ ಹೋಲಿಸಿ ದುಡ್ಡು ಎಣಿಸಬೇಡಿ. ಅದು ದಾರಿ ತೋರಿಸುವ ಸಾಧನವೋ, ವಾಹನ ಎಲ್ಲಿದೆಯೆಂದು ತಿಳಿಸುವ ಟ್ರ್ಯಾಕರೋ, ಮೊದಲು ಕೇಳಿ. ಅಂಗಡಿಯಲ್ಲಿ ಎರಡನ್ನೂ ಜಿಪಿಎಸ್ ಎಂದೇ ಕರೆಯುತ್ತಾರೆ.

ಇನ್ನು ನಕ್ಷೆ. ಉಪಗ್ರಹದ ಸಂಕೇತ ಹಿಡಿಯಲು ಮೊಬೈಲ್ ನೆಟ್‌ವರ್ಕ್ ಬೇಡ, ನಿಜ. ಆದರೆ ನಕ್ಷೆ ಸಾಧನದೊಳಗೇ ಇರದಿದ್ದರೆ, ಚಾರ್ಮಾಡಿ ಘಾಟಿಯಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ಖಾಲಿ ಪರದೆಯ ಮೇಲೆ ನೀವಿರುವ ಚುಕ್ಕಿಯೊಂದೇ ಉಳಿದೀತು. ನಕ್ಷೆಯ ಅಪ್‌ಡೇಟ್ ಎಷ್ಟು ವರ್ಷ ಉಚಿತ, ಆಮೇಲೆ ಎಷ್ಟು ಕೊಡಬೇಕು? ಬಿಲ್ ಹಾಕಿಸುವ ಮುನ್ನವೇ ವಿಚಾರಿಸಿ. ‘ನಾವಿಕ್’ ಲೇಬಲ್ ಕಂಡು ಮರುಳಾಗಬೇಡಿ: ಜಿಪಿಎಸ್‌ನಂತೆಯೇ ಸ್ಥಾನ ತಿಳಿಸಲು ಇಸ್ರೊ ಕಟ್ಟಿದ ಉಪಗ್ರಹ ವ್ಯವಸ್ಥೆ, ಹೆಮ್ಮೆಯದೇ, ಆದರೆ ಹಳೆಯ ನಕ್ಷೆಯನ್ನು ಅದು ತಿದ್ದದು.

ಅಂದ ಹಾಗೆ, ಮೊಬೈಲಿಗೆ ಆಫ್‌ಲೈನ್ ನಕ್ಷೆ ಇಳಿಸಿಕೊಂಡರೆ ಎಷ್ಟೋ ಮಂದಿಗೆ ಅಷ್ಟೇ ಸಾಕು. ಅಂಗಡಿಯವರು ಇದನ್ನು ಹೇಳಲಾರರು.