‘ಗಾಡ್‌ಸೆಂಡ್’: ಒಂದು ಪದದ ಪೂರ್ವವೃತ್ತಾಂತ

ತಿಂಗಳ ಕೊನೆಯಲ್ಲಿ ಮರೆತುಹೋಗಿದ್ದ ಬಾಕಿ ಹಣ ಕೈಸೇರಿದರೆ, ಅಪರಾತ್ರಿಯಲ್ಲಿ ರೋಗಿಗೆ ಬೇಕಾದ ಔಷಧ ನೆರೆಮನೆಯಲ್ಲೇ ದೊರೆತರೆ, ಮಹಾನಗರದ ಕನ್ನಡಿಗನ ಬಾಯಿಂದಲೂ ‘ಗಾಡ್‌ಸೆಂಡ್’ ಎಂಬ ಇಂಗ್ಲಿಷ್ ಮಾತು ತಾನಾಗಿ ಹೊರಡುತ್ತದೆ. ದೇವರೇ ಕಳುಹಿಸಿಕೊಟ್ಟದ್ದು ಎಂಬುದು ಅದರ ಭಾವ. ಆದರೆ ಈ ಪದದ ಪೂರ್ವವೃತ್ತಾಂತವು ಅಷ್ಟೇನೂ ಮಂಗಳಕರವಾದುದಲ್ಲ.

ಇದರ ಉತ್ತರಾರ್ಧವು ಇಂದಿನ ಕ್ರಿಯಾಪದದಂತೆ ಕಂಡರೂ ಮೂಲತಃ ಅದು ‘ಸೊಂಡೆ’ ಎಂಬ ನಾಮಪದ. ಕಳುಹಿದ ವಸ್ತು, ಸಂದೇಶ, ದೂತ ಎಂಬಿವು ಅದರ ಅರ್ಥಗಳು. ಸುಮಾರು 1200ರ ವೇಳೆಗೆ ‘ದೇವರ ಸೊಂಡೆ’ ಎಂಬ ನುಡಿಗಟ್ಟು ಇಂಗ್ಲಿಷಿನಲ್ಲಿ ಬಳಕೆಯಲ್ಲಿತ್ತು. ಸುಖವಾಗಲಿ ದುಃಖವಾಗಲಿ, ದೇವರು ಕಳುಹಿದ್ದೆಲ್ಲವೂ ಸೊಂಡೆಯೇ. 1400ರಲ್ಲಿ ತೀರಿಕೊಂಡ ಕವಿ ಚಾಸರನ ಕ್ಯಾಂಟರ್ಬರಿ ಕಥೆಗಳಲ್ಲಿ ನ್ಯಾಯವಾದಿಯು ಹೇಳುವ ಕಥೆಯೊಂದುಂಟು. ರಾಣಿಯು ಘೋರರೂಪದ ಶಿಶುವನ್ನು ಹೆತ್ತಳೆಂಬ ಸುಳ್ಳು ಪತ್ರವು ದೂರದಲ್ಲಿದ್ದ ದೊರೆಗೆ ತಲುಪುತ್ತದೆ. ದುಃಖದಲ್ಲಿ ಮುಳುಗಿದ ಆತ, ಕ್ರಿಸ್ತನು ಕಳುಹಿದ್ದಕ್ಕೆ ಸ್ವಾಗತವೆಂದು ಮರುತ್ತರ ಬರೆಯುತ್ತಾನೆ. ಬಂದುದೆಲ್ಲವನ್ನೂ ಪ್ರಸಾದವೆಂದು ಸ್ವೀಕರಿಸುವವನನ್ನು ‘ಪ್ರಸಾದಿ’ ಎಂದು ಕರೆದ ಶರಣರಿಗೆ ಈ ದೊರೆಯ ಮಾತು ಅಪರಿಚಿತವೆನಿಸುತ್ತಿರಲಿಲ್ಲ.

ಅರ್ಥ ತಿರುಗಿದ್ದು ಕಡಲತೀರದಲ್ಲಿ. ಹತ್ತೊಂಬತ್ತನೆಯ ಶತಮಾನದ ಆರಂಭದ ಬರಹಗಳಲ್ಲಿ ‘ಗಾಡ್‌ಸೆಂಡ್’ ಎಂದರೆ ಒಡೆದ ಹಡಗು! ಬ್ರಿಟನ್ನಿನ ಕರಾವಳಿಯ ಬಡವರಿಗೆ ತೇಲಿಬಂದ ಮರಮುಟ್ಟು, ಬಟ್ಟೆ, ಪೀಪಾಯಿಗಳು ದೇವರ ಕೊಡುಗೆಯಾಗಿದ್ದವು. ಮುಳುಗಿದವರ ಹೆಂಡಿರು ಮಕ್ಕಳು ಅದನ್ನು ಯಾವ ಹೆಸರಿನಿಂದ ಕರೆದರೋ! ಕಾನೂನಿನ ಇತಿಹಾಸವೂ ವಿಚಿತ್ರವಾದುದು. 1275ರ ಇಂಗ್ಲೆಂಡಿನ ಶಾಸನದ ಪ್ರಕಾರ ಹಡಗಿನಿಂದ ಮನುಷ್ಯನಾಗಲಿ, ನಾಯಿಯಾಗಲಿ, ಬೆಕ್ಕಾಗಲಿ ಜೀವಸಹಿತ ಪಾರಾದರೆ ಅದು ಒಡೆದ ಹಡಗೆನಿಸದು. ಸರಕು ಒಡೆಯನಿಗೇ ಸಲ್ಲಬೇಕು. ಒಂದು ಬೆಕ್ಕಿನ ಉಸಿರಿನ ಮೇಲೆ ದಡದವರ ಭಾಗ್ಯ ನಿಂತಿತ್ತು. ಬದುಕುಳಿದವರ ಗತಿ ಏನಾಗಬಹುದೆಂಬ ಭೀತಿ ಇಲ್ಲಿ ಸಹಜ. 1753ರ ಕಾಯಿದೆಯು ಒಡೆದ ಹಡಗನ್ನು ದೋಚುವುದಕ್ಕೂ, ಸುಳ್ಳು ದೀಪ ತೋರಿಸಿ ಹಡಗನ್ನು ಅಪಾಯಕ್ಕೆ ಸೆಳೆಯುವುದಕ್ಕೂ ಮರಣದಂಡನೆಯನ್ನು ವಿಧಿಸಿತು.

ಅನಿರೀಕ್ಷಿತ ಲಾಭವೆಂಬ ಈಗಿನ ಅರ್ಥವು ಅದೇ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬೇರೂರಿತು. ಆದರೆ ಹಳೆಯದು ಪೂರ್ತಿ ಅಳಿಯಲಿಲ್ಲ. 1941ರ ಫೆಬ್ರವರಿಯಲ್ಲಿ, ಮಹಾಯುದ್ಧದ ಅಭಾವದ ದಿನಗಳಲ್ಲಿ, ಸುಮಾರು 2,64,000 ಬಾಟಲಿ ವಿಸ್ಕಿ ಹೊತ್ತಿದ್ದ ‘ಪೊಲಿಟಿಷಿಯನ್’ ಎಂಬ ಹಡಗು ಸ್ಕಾಟ್ಲೆಂಡಿನ ಎರಿಸ್ಕೆ ದ್ವೀಪದ ಬಳಿ ಬಂಡೆಗೆ ಬಡಿಯಿತು. ನಾವಿಕರೆಲ್ಲರೂ ಉಳಿದರು. ದ್ವೀಪದವರು ಇರುಳಲ್ಲಿ ದೋಣಿಗಳನ್ನು ಹೊರಡಿಸಿದರು. ಸುಂಕದ ಅಧಿಕಾರಿಗಳು ಬೆನ್ನಟ್ಟಿದರು, ಕೆಲವರಿಗೆ ಸೆರೆವಾಸವೂ ಆಯಿತು.