ಪಂಕ್ತಿಯಿಂದ ಯಾರೂ ಏಳದಿರಲಿ

ಯವ್ವಾ, ಯಾದಗಿರಿ ಸೀಮೆಯ ಬಳಿಚಕ್ರದ ತುಂಬಿದ ಮನೆಗೆ ಸೊಸೆಯಾಗಿ ಬಂದಿದ್ದೀ. ಅಡುಗೆಮನೆಯ ಹೊಣೆ ಈಗ ನಿನ್ನ ಕೈಗೆ ಬಂದಿದೆ. ಮಾವನಿಗೆ ಶುಗರ್, ಅತ್ತೆಗೆ ಬಿಪಿಯ ಜೊತೆಗೆ ಕಿಡ್ನಿಯ ತೊಂದರೆ. ಮೈದುನನಿಗೆ ಗೋಧಿ ಆಗಿಬರಲ್ಲ. ನಾದಿನಿಯ ಮಗುವಿಗೆ ಶೇಂಗಾ ಬಾಯಿಗೆ ಬಿದ್ದರೆ ತುಟಿ ಊದುತ್ತದೆ. ಇದರ ಮೇಲೆ ಸೋಮವಾರ ಒಪ್ಪತ್ತು ಮಾಡುವವರು, ಶ್ರಾವಣದಲ್ಲಿ ಉಳ್ಳಾಗಡ್ಡಿ ಬಳ್ಳೊಳ್ಳಿ ಬಿಡುವವರು. "ಯಾರಿಗೆ ಏನು ಮಾಡಲಿ ಆಯಿ?" ಎಂದು ಕೇಳಿದೆ. ನಿನ್ನಂತೆ ಅಡುಗೆಗೆ ನಿಂತ ಎಲ್ಲ ಹುಡುಗ ಹುಡುಗಿಯರಿಗೂ ನಾನು ಹೇಳುವುದು ಇಷ್ಟೇ. ಐದು ಅಡುಗೆ ಮಾಡಬೇಡಿ. ಎಲ್ಲರೂ ಉಣ್ಣಬಹುದಾದ ಒಂದೇ ಅಡುಗೆ ಒಲೆಯ ಮೇಲಿರಲಿ, ವ್ಯತ್ಯಾಸವೆಲ್ಲ ತಾಟಿನಲ್ಲಿರಲಿ.

ಮೊದಲು ಮನೆಯವರನ್ನೆಲ್ಲ ಕೂರಿಸಿ ಕೇಳು, ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸು. "ಬೇಡ" ಎನ್ನುವುದರಲ್ಲಿ ಮೂರು ಬಗೆ ಇದೆ. ಮಗುವಿನ ಶೇಂಗಾ, ಮೈದುನನ ಗೋಧಿ ಮೊದಲನೆಯ ಬಗೆ. ಅಲ್ಲಿ ಒಂದು ಚಿಟಿಕೆಗೂ ಮಾಫಿ ಇಲ್ಲ. ಮಾವನ ಸಿಹಿ, ಅತ್ತೆಯ ಉಪ್ಪು ಎರಡನೆಯ ಬಗೆ. ಅಲ್ಲಿ ಅಳತೆಯೇ ಮುಖ್ಯ. ವ್ರತ, ನೇಮ, ಮಾಂಸ ಮೊಟ್ಟೆ ಮುಟ್ಟದಿರುವುದು ಮೂರನೆಯದು. ಅದಕ್ಕೆ ಬೇರೆ ಪಾತ್ರೆ, ಬೇರೆ ಸೌಟು ಇದ್ದರೆ ಸಾಕು. ಮೂರನ್ನೂ ಗೌರವಿಸು, ಆದರೆ ಒಂದೇ ತಕ್ಕಡಿಯಲ್ಲಿ ತೂಗಬೇಡ. ಒಪ್ಪತ್ತಿನವರಿಗೆ ಊಟ ಅರ್ಧ ಗಂಟೆ ತಡವಾದರೆ ನಡೆಯುತ್ತದೆ, ಶೇಂಗಾ ತಾಗಿದ ಸೌಟು ಮಗುವಿನ ಬಟ್ಟಲಿಗೆ ಬಂದರೆ ನಡೆಯುವುದಿಲ್ಲ.

ನಮ್ಮ ಸೀಮೆಯ ಊಟ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಜೋಳ, ಸಜ್ಜೆ, ನವಣೆ, ಅಕ್ಕಿ ಇವುಗಳಲ್ಲಿ ಗೋಧಿಯ ಗ್ಲುಟೆನ್ ಇಲ್ಲ. ತೊಗರಿಯಂತೂ ನಮ್ಮ ಹೊಲದ್ದೇ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಜೋಳದ ರೊಟ್ಟಿ, ತಿಳಿಯಾದ ತೊಗರಿಬೇಳೆ, ಶೇಂಗಾ ಪುಡಿ ಹಾಕದ ಒಂದು ಕಾಯಿಪಲ್ಯ, ಅನ್ನ, ಮಜ್ಜಿಗೆ: ಇದನ್ನು ಬುನಾದಿಯಾಗಿ ಇಟ್ಟುಕೋ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಮೊದಲಿನಿಂದಲೂ ತಾಟಿನ ಅಂಚಿಗೆ ಬರುವಂಥವು. ಬೇಕಾದವರು ಹಾಕಿಕೊಳ್ಳಲಿ. ಒಂದೊಂದಕ್ಕೂ ಮುಚ್ಚಳದ ಡಬ್ಬಿ, ಅದರದೇ ಚಮಚ. ಬದನೆಕಾಯಿ ಎಣ್ಣೆಗಾಯಿಗೆ ಶೇಂಗಾ, ಎಳ್ಳಿನ ಪುಡಿ ಬೇಕೇ ಬೇಕೆಂದರೆ ಮಗುವಿನ ಪಾಲನ್ನು ಬೇರೆ ಪಾತ್ರೆಯಲ್ಲಿ ಮೊದಲೇ ಮಾಡಿ ಮುಚ್ಚಿಡು. ಕಟ್ಟುನಿಟ್ಟಿನವರ ಅಡುಗೆ ಯಾವತ್ತೂ ಮೊದಲು ಆಗಲಿ. ಆಗ ಕೈ, ಹಂಚು, ಪಾತ್ರೆ ಎಲ್ಲ ಸ್ವಚ್ಛವಾಗಿರುತ್ತವೆ.

ಅಪಾಯ ಇರುವುದು ಕಣ್ಣಿಗೆ ಕಾಣದ ಕಡೆ. ಜೋಳ ಶುದ್ಧವಿದ್ದರೂ ಗಿರಣಿ ಶುದ್ಧವಿರುವುದಿಲ್ಲ. ನಿನ್ನ ಮುಂದಿನವರು ಗೋಧಿ ಬೀಸಿಸಿಕೊಂಡು ಹೋಗಿದ್ದರೆ ಆ ಹಿಟ್ಟು ನಿನ್ನ ಜೋಳದಲ್ಲಿ ಬೆರೆಯುತ್ತದೆ. ಮೈದುನನಿಗೆ ಡಾಕ್ಟರು ಹೇಳಿದ್ದು ಸೀಲಿಯಾಕ್ ಕಾಯಿಲೆಯಾದ್ದರಿಂದ ಅಷ್ಟು ಬೆರಕೆಯೂ ಕರುಳನ್ನು ಕೆಡಿಸುತ್ತದೆ. ಆತನ ಜೋಳವನ್ನು ಮನೆಯ ಬೀಸುಕಲ್ಲಿನಲ್ಲೋ ಗೋಧಿ ಹಾಕದ ಸಣ್ಣ ಯಂತ್ರದಲ್ಲೋ ಬೀಸು. ಚಪಾತಿ ನಾದಿದ ಪರಾತದಲ್ಲಿ ಆತನ ರೊಟ್ಟಿ ಬಡಿಯಬೇಡ. ರವೆ, ಮೈದಾ, ಶ್ಯಾವಿಗೆ, ಸಜ್ಜಕ ಎಲ್ಲವೂ ಗೋಧಿಯೇ. ಅಂಗಡಿಯ ಇಂಗಿನ ಡಬ್ಬಿಯಲ್ಲೂ ಹೆಚ್ಚಾಗಿ ಗೋಧಿ ಹಿಟ್ಟೋ ಮೈದಾವೋ ಸೇರಿರುತ್ತದೆ, ಬೇಳೆಗೆ ಜೀರಿಗೆ ಬಳ್ಳೊಳ್ಳಿ ಒಗ್ಗರಣೆ ಸಾಕು. ಮಿರ್ಚಿ ಭಜಿಯ ಎಣ್ಣೆಯಲ್ಲೇ ಪೂರಿ ಕರಿದಿದ್ದರೆ ಆ ಭಜಿಯೂ ಆತನಿಗಲ್ಲ.

ಇನ್ನೊಂದು ಮಾತು. ಯಾರಿಗಾದರೂ ಗೋಧಿಯ ಅನುಮಾನ ಬಂದರೆ ತಾವೇ ಬಿಟ್ಟುಬಿಡಬಾರದು. ಗೋಧಿ ತಿನ್ನುತ್ತಿರುವಾಗಲೇ ರಕ್ತ ಪರೀಕ್ಷೆ ಆಗಬೇಕು. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು. ಹಾಗೆಯೇ ಮೈ ತುರಿಸಿದಾಗಲೆಲ್ಲ "ಇದು ನಂಜು, ಅದು ನಂಜು" ಎಂದು ಮಕ್ಕಳ ತಾಟಿನಿಂದ ಹಾಲು, ಬೇಳೆ, ಮೊಟ್ಟೆ ಒಂದೊಂದಾಗಿ ತೆಗೆಯಬೇಡ. ಬೆಳೆಯುವ ಮಗು ಸೊರಗುತ್ತದೆ. ಡಾಕ್ಟರು ಬಿಡಿಸಿದ್ದನ್ನಷ್ಟೇ ಬಿಡಿಸು, ಬಿಡಿಸಿದ್ದರ ಬದಲಿಗೆ ಏನು ಕೊಡಬೇಕೆಂದು ಅಲ್ಲೇ ಕೇಳಿಕೊಂಡು ಬಾ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತವೆ. ಹಾಲಿನ ಅಲರ್ಜಿ ಇರುವವರಿಗೆ ಅವೂ ಅಪಾಯ, ತುಪ್ಪವನ್ನೂ ನಂಬುವಂತಿಲ್ಲ.

ಅಳತೆಯ ಕಡೆಗೆ ಬರೋಣ. ಬೆಲ್ಲ ಹಾಕಿದರೆ ಶುಗರ್‌ಗೆ ತೊಂದರೆಯಿಲ್ಲ ಎನ್ನುವವರ ಮಾತು ಕೇಳಬೇಡ. ಬೆಲ್ಲವೂ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಜೋಳದ ರೊಟ್ಟಿ ಒಳ್ಳೆಯದೇ, ಆದರೂ ಮಾವನ ತಾಟಿನಲ್ಲಿ ರೊಟ್ಟಿಗೆ ಲೆಕ್ಕವಿರಲಿ, ಪಲ್ಯ ಹೆಚ್ಚಿರಲಿ. ಬೇಳೆಗೆ ಉಪ್ಪು ಕಡಿಮೆ ಹಾಕಿ ಇಳಿಸು, ಬೇಕಾದವರು ಮೇಲೆ ಹಾಕಿಕೊಳ್ಳಲಿ. ಬಿಪಿಗೆ ಒಳ್ಳೆಯದೆಂದು ಅಂಗಡಿಯಲ್ಲಿ ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಸೋತ ಅತ್ತೆಗೆ ಅದು ಹೃದಯಕ್ಕೇ ಕುತ್ತಾಗಬಹುದು. ಅವರು ಬೇಳೆ, ಸೊಪ್ಪು, ಹಣ್ಣು ಎಷ್ಟು ತಿನ್ನಬೇಕೆಂಬುದನ್ನು ರಕ್ತ ಪರೀಕ್ಷೆ ನೋಡಿ ಡಾಕ್ಟರೇ ಹೇಳಬೇಕು. ಪುಂಡಿ ಪಲ್ಯ ನಮ್ಮೆಲ್ಲರ ಪ್ರೀತಿಯದು. ಆದರೆ ಅದರಲ್ಲಿ ಆಕ್ಸಲೇಟ್ ಹೆಚ್ಚು, ಮೂತ್ರದಲ್ಲಿ ಕಲ್ಲಾಗುವವರು ಅದರಿಂದ ದೂರವಿರುವುದೇ ಲೇಸು.

ಹಬ್ಬ ಬಂತೆಂದರೆ ನೇಮ ಸಡಿಲವಾಗುತ್ತದೆ, ಎಚ್ಚರ ಹೆಚ್ಚು ಬೇಕಾಗುವುದು ಆಗಲೇ. ಎಳ್ಳ ಅಮಾವಾಸ್ಯೆಗೆ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತೇವೆ, ಶೇಂಗಾ ಹೋಳಿಗೆ ಮಾಡುತ್ತೇವೆ, ಹೊಲಕ್ಕೆ ಚರಗ ಚೆಲ್ಲಲು ಬುತ್ತಿ ಕಟ್ಟುತ್ತೇವೆ. ಎಳ್ಳು ಆಗದವರು ಪಂಕ್ತಿಯಲ್ಲಿದ್ದರೆ ಎಳ್ಳಿನ ಡಬ್ಬಿ ತೆಗೆಯುವ ಮೊದಲೇ ಎಳ್ಳಿಲ್ಲದ ರೊಟ್ಟಿ ಬಡಿದಿಡು. ಮಗುವಿನ ಬುತ್ತಿಗೆ ಬೇರೆ ಬಣ್ಣದ ಬಟ್ಟೆ ಕಟ್ಟು. ಮೈದುನನಿಗೆ ಗೋಧಿ ಕಣಕದ ಹೋಳಿಗೆ ಬದಲು ಅದೇ ಹೂರಣ ತುಂಬಿದ ಅಕ್ಕಿಹಿಟ್ಟಿನ ಕಡಬು, ಗೋಧಿ ಹುಗ್ಗಿಯ ಬದಲು ನವಣೆ ಹುಗ್ಗಿ ಮಾಡು. ಹಬ್ಬದ ದಿನ ಬರಿ ಅನ್ನ ಕೊಟ್ಟು ಕೂರಿಸಿದರೆ ಆ ಹುಡುಗನ ಮನಸ್ಸು ಮುರಿಯುತ್ತದೆ.

ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬೇರೆ ಬೇರೆ ಬಡಿಸಬಹುದು ಎಂಬುದನ್ನು ನಮ್ಮ ಸಾಲಿಗಳೇ ತೋರಿಸಿವೆ. 2021ರ ಡಿಸೆಂಬರ್‌ನಲ್ಲಿ ಯಾದಗಿರಿಯೂ ಸೇರಿ ಈ ಭಾಗದ ಏಳು ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಟ್ಟರು. ಆಮೇಲೆ ಕೆಲಕಾಲ ಚಿಕ್ಕಿಯನ್ನೂ ಕೊಟ್ಟರು. ಚಿಕ್ಕಿ ಎಂದರೆ ಶೇಂಗಾ. ಆದ್ದರಿಂದ ಮಗು ಸಾಲಿಗೆ ಸೇರುವ ದಿನವೇ ಹೆಡ್‌ಮಾಸ್ತರರಿಗೂ ಅಡುಗೆಯವರಿಗೂ ಬಾಯಲ್ಲಿ ಹೇಳು, ಬರೆದೂ ಕೊಡು. ಗೆಳೆಯರ ಡಬ್ಬಿಯ ಚೂಡಾ, ಸುಸಲಾ ತಿನ್ನಬಾರದೆಂದು ಮಗುವಿಗೂ ಕಲಿಸು. ಪೊಟ್ಟಣದ ತಿಂಡಿ ಕೊಳ್ಳುವಾಗ ಹಿಂದಿನ ಸಣ್ಣ ಅಕ್ಷರ ಓದು. ನಮ್ಮ ದೇಶದ 2020ರ ಲೇಬಲ್ ನಿಯಮದಂತೆ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸೀಗಡಿ ಜಾತಿ, ಶೇಂಗಾ ಮತ್ತು ಗೋಡಂಬಿಯಂಥ ಬೀಜ, ಸೋಯಾ, ಸಲ್ಫೈಟ್ ಇದ್ದರೆ ಅಲ್ಲಿ ಎಚ್ಚರಿಕೆ ಬರೆಯಬೇಕು. ಎಳ್ಳು ಆ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ 2023ರಿಂದ ಅದೂ ಕಡ್ಡಾಯ. ನಮ್ಮಲ್ಲಿ ಎಳ್ಳು ಆಗದವರು ಪದಾರ್ಥಗಳ ಪೂರ್ತಿ ಸಾಲನ್ನೇ ಓದಬೇಕು.

ಇಷ್ಟಾದ ಮೇಲೂ ಒಂದು ದಿನ ಕೈತಪ್ಪಬಹುದು. ತುಟಿ, ನಾಲಗೆ ಊದುವುದು, ಉಸಿರು ಕಟ್ಟುವುದು, ಮೈತುಂಬ ದದ್ದು, ವಾಂತಿ, ತಲೆಸುತ್ತು ಕಂಡರೆ ಅರಿಶಿನ ಹಚ್ಚುತ್ತ, ದೃಷ್ಟಿ ತೆಗೆಯುತ್ತ ಹೊತ್ತು ಕಳೆಯಬೇಡ. ಕೂಡಲೇ 108ಕ್ಕೆ ಫೋನ್ ಮಾಡು. ಮಗುವನ್ನು ನಡೆಸಬೇಡ, ಮಲಗಿಸಿ ಕಾಲು ಎತ್ತರಿಸು. ಉಸಿರು ಕಷ್ಟವಾದರೆ ಕೂರಿಸು. ಆಗ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ಸಿಗುತ್ತದೆಂದು ಇವತ್ತೇ ಕೇಳಿ ತಿಳಿದುಕೋ.

ಕೊನೆಗೆ, ನನ್ನ ವಯಸ್ಸಿನವರ ಮುಂದೆ ಗಟ್ಟಿಯಾಗಿ ನಿಲ್ಲು. "ಸ್ವಲ್ಪ ಸ್ವಲ್ಪ ತಿನಿಸು, ರೂಢಿಯಾಗುತ್ತದೆ" ಎಂದು ಯಾವ ಹಿರಿಯರು ಹೇಳಿದರೂ ಒಪ್ಪಬೇಡ. ತಜ್ಞ ಡಾಕ್ಟರ ಕಣ್ಗಾವಲಿನಲ್ಲಿ ನಡೆಯದ ಅಂಥ ಪರೀಕ್ಷೆ ಮಗುವಿನ ಜೀವದ ಮೇಲೆ ನಡೆಯುವ ಪಂಥ. ಬೇರೆಯವರ ಮನೆಗೆ ಉಣ್ಣಲು ಹೋದಾಗ ಸಂಕೋಚಪಡದೆ ಹೇಳು. ನಿನ್ನ ಮನೆಗೆ ಯಾರನ್ನೇ ಕರೆದರೂ "ನಿಮಗೆ ಏನು ಆಗಿಬರಲ್ಲ?" ಎಂದು ಮೊದಲೇ ಕೇಳು. ಉಣ್ಣಲು ಕೂತವರು ಅಂಜಿಕೆಯಿಲ್ಲದೆ ತುತ್ತು ಎತ್ತಬೇಕು, ಅಡುಗೆ ಮಾಡುವವರ ಧರ್ಮ ಅದೇ.