ಓದಿ ಎನ್ನುವ ಮೊದಲು

ಚಿ. ಪುಟ್ಟಿಗೆ ಸಾಗರದಿಂದ ನಿನ್ನ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಓದಿದೆ. ನಿನಗಿಷ್ಟವಾದ ಪುಸ್ತಕ, ಸಿನಿಮಾಗಳದ್ದೆಲ್ಲ ದೊಡ್ಡ ಪಟ್ಟಿ ಮಾಡಿ ಆಫೀಸಿನ ಗೆಳತಿಯರಿಗೆ ಕಳಿಸಿದೆಯಂತೆ. ಎಲ್ಲರೂ ಥ್ಯಾಂಕ್ಸ್ ಹೇಳಿದರಂತೆ, ಒಬ್ಬಳೂ ಒಂದು ಪುಟ ಓದಲಿಲ್ಲವಂತೆ. ‘ಈಗಿನವರಿಗೆ ಓದುವ ರುಚಿಯೇ ಇಲ್ಲ ಅತ್ತೆ’ ಎಂದು ಬರೆದಿದ್ದೀಯ. ಆ ಮಾತನ್ನು ನಾನು ಒಪ್ಪುವುದಿಲ್ಲ. ಗ್ರಂಥಾಲಯದ ಕೌಂಟರಿನಲ್ಲಿ ಕೂತೇ ನೌಕರಿ ಮುಗಿಸಿದವಳು ನಾನು. ‘ಒಂದು ಒಳ್ಳೇ ಪುಸ್ತಕ ಕೊಡಿ ಮೇಡಂ’ ಎಂದು ಕೇಳಿಕೊಂಡು ಬಂದವರು ಎಲ್ಲ ಕಾಲದಲ್ಲೂ ಇದ್ದರು, ಈಗಲೂ ಇದ್ದಾರೆ. ಅವರ ಕೈಗೆ ಯಾವುದನ್ನು ಕೊಡಬೇಕು ಎನ್ನುವುದೇ ಕಷ್ಟದ ಕೆಲಸ. ಅದನ್ನು ನೀನು ಮನಸ್ಸಿಟ್ಟು ಕಲಿಯಬೇಕೆಂಬ ಆಸೆಯಿಂದ ಇಷ್ಟುದ್ದ ಬರೆಯುತ್ತಿದ್ದೇನೆ. ನಿನ್ನ ವಯಸ್ಸಿನ ಬೇರೆಯವರು ಓದಿದರೂ ಸಂತೋಷವೇ.

ನಿನ್ನ ಪಟ್ಟಿ ನೋಡಿದೆ. ಚೆನ್ನಾಗಿದೆ. ಆದರೆ ಅದನ್ನು ಓದಿದವರಿಗೆ ನಿನ್ನ ಪರಿಚಯವಾಗುತ್ತದೆಯೇ ಹೊರತು, ಇವತ್ತು ರಾತ್ರಿ ಊಟವಾದ ಮೇಲೆ ತಾನು ಯಾವುದನ್ನು ತೆರೆಯಬೇಕು ಎನ್ನುವುದು ತಿಳಿಯುವುದಿಲ್ಲ. ಅಷ್ಟೊಂದು ಹೆಸರು ಒಟ್ಟಿಗೆ ಕಂಡರೆ ಎಂಥವರೂ ‘ಆಮೇಲೆ ನೋಡಿದರಾಯಿತು’ ಎಂದು ಬದಿಗಿಡುತ್ತಾರೆ. ನಾವು ಗ್ರಂಥಾಲಯ ವಿಜ್ಞಾನ ಓದುವಾಗ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. 1931ರಲ್ಲಿ ಪುಸ್ತಕವಾಗಿ ಬಂದವು ಅವು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಸಮಯ ಉಳಿಯಬೇಕು ಎಂಬುದು ಅವುಗಳಲ್ಲಿ ಮೂರರ ಸಾರ. ಪರೀಕ್ಷೆಗೆಂದು ಕಲಿತದ್ದು ಕೌಂಟರಿಗೆ ಬಂದ ಮೇಲೆ ದಿನವೂ ಬೇಕಾಯಿತು.

ಒಬ್ಬರ ಸಂಗತಿ ಹೇಳುತ್ತೇನೆ. ನಮ್ಮ ಡಿಪೋದ ಕಂಡಕ್ಟರೊಬ್ಬರು ವಾರದ ರಜೆಯ ದಿನ ಗ್ರಂಥಾಲಯಕ್ಕೆ ಬರುತ್ತಿದ್ದರು. ಪೇಪರ್ ಓದಿ ಹೋಗಿಬಿಡುವವರು. ಒಂದು ದಿನ ಪುಸ್ತಕ ಕೇಳಿದರು. ‘ಕಾದಂಬರಿ ಮಾತ್ರ ಬೇಡ ಮೇಡಂ, ಮಧ್ಯೆ ಬಿಟ್ಟರೆ ಎಳೆ ತಪ್ಪಿಹೋಗ್ತದೆ’ ಎಂದರು. ಯಾವಾಗ ಓದುತ್ತೀರಿ ಎಂದು ಕೇಳಿದೆ. ರಾತ್ರಿ ಹಾಲ್ಟಿನ ಊರಿನಲ್ಲಿ ಅವರು ಬಸ್ಸಿನೊಳಗೇ ಮಲಗುತ್ತಿದ್ದರು. ಊಟ ಮುಗಿಸಿ, ಟಿಕೆಟಿನ ಲೆಕ್ಕ ಬರೆದು, ನಿದ್ದೆ ಬರುವವರೆಗಿನ ಸ್ವಲ್ಪ ಹೊತ್ತು ಬಸ್ಸಿನ ಮಂಕು ದೀಪದಡಿ ಓದು. ಚಿಕ್ಕ ಚಿಕ್ಕದಾಗಿರಬೇಕು, ಹಾಗಂತ ಚುಟುಕಾಗಿ ಸಪ್ಪೆಯಾಗಿರಬಾರದು. ತೇಜಸ್ವಿಯವರ ‘ಪರಿಸರದ ಕತೆ’ ಕೊಟ್ಟೆ. ಮುಂದಿನ ಸಲ ಬಂದಾಗ ಕಿವಿ ಎಂಬ ಆ ನಾಯಿಯ ಸುದ್ದಿ, ಮಾರ, ಪ್ಯಾರರ ಸುದ್ದಿ ಬಿಟ್ಟರೆ ಬೇರೆ ಮಾತಿಲ್ಲ. ಪುಸ್ತಕ ವಾಪಸು ಕೊಡುವಾಗ ಅವರಾಗಿಯೇ ಕೇಳಿದರು: ‘ಇವರದ್ದೇ ಉದ್ದನೆಯದು ಯಾವುದಾದರೂ ಇದೆಯಾ?’ ಆವತ್ತು ‘ಕರ್ವಾಲೊ’ ಹೋಯಿತು.

ಕಾದಂಬರಿ ಬೇಡ ಎಂದವರು ಕಾದಂಬರಿ ಕೇಳಿದ್ದು ನೋಡು. ಬಂದವರನ್ನು ನಾನು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ಯಾವಾಗ ಓದುತ್ತೀರಿ, ಹಿಂದೆ ಓದಿದ್ದರಲ್ಲೋ ನೋಡಿದ್ದರಲ್ಲೋ ಯಾವುದು ಹಿಡಿಸಿತ್ತು. ನೀನೂ ಅಷ್ಟು ಕೇಳು. ‘ನಿಮಗೆ ಎಂಥ ಪುಸ್ತಕ ಇಷ್ಟ?’ ಎಂದು ಮಾತ್ರ ಕೇಳಬೇಡ, ಅದಕ್ಕೆ ಯಾರಿಗೂ ಉತ್ತರ ಗೊತ್ತಿರುವುದಿಲ್ಲ. ಹಿಂದೊಮ್ಮೆ ಹಿಡಿಸಿದ್ದು ಯಾವುದು ಎಂದರೆ ಹೇಳುತ್ತಾರೆ. ‘ಬಂಗಾರದ ಮನುಷ್ಯ’ ಎನ್ನುತ್ತಾರೆ, ಅಜ್ಜಿ ಹೇಳುತ್ತಿದ್ದ ಒಂದು ಕತೆ ಎನ್ನುತ್ತಾರೆ. ‘ಬಂಗಾರದ ಮನುಷ್ಯ’ ಸಿನಿಮಾಕ್ಕೆ ಮೊದಲು ಟಿ. ಕೆ. ರಾಮರಾಯರ ಕಾದಂಬರಿಯಾಗಿತ್ತು ಎಂದು ತಿಳಿದು ಕಣ್ಣರಳಿಸಿದ ಎಷ್ಟೋ ಜನರನ್ನು ಕಂಡಿದ್ದೇನೆ. ದಾರಿ ಅಲ್ಲಿಂದಲೇ ಶುರುವಾಗುತ್ತದೆ.

ಲೇಖಕರ ವಿಷಯಕ್ಕೆ ಬಂದರೆ, ಯಾವ ಪುಸ್ತಕದಿಂದ ಒಳಗೆ ಕರೆಯುತ್ತೀ ಎನ್ನುವುದು ಬಹಳ ಮುಖ್ಯ. ನಿನ್ನ ಪಟ್ಟಿಯಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಮೊದಲಿಗಿದೆ. ಅದು ದೊಡ್ಡ ಕೃತಿ, ನನಗೂ ಪ್ರಾಣ. ಆದರೆ ನಂಜನಗೂಡು ಸೀಮೆಯ ಆ ಮಾತು ಕಿವಿಗೆ ಬೀಳದೆ ಬೆಳೆದ ಹುಡುಗಿ ಒಬ್ಬಳೇ ಕೂತು ಓದಿದರೆ ಎರಡನೇ ಪುಟಕ್ಕೆ ಸೋಲುತ್ತಾಳೆ. ಸೋತದ್ದು ತನ್ನ ತಪ್ಪೆಂದುಕೊಂಡು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಅವಳಿಗೆ ಮೊದಲು ‘ಒಡಲಾಳ’ ಕೊಡು. ಸಾಕವ್ವನ ಹುಂಜ ಕಳೆದುಹೋದದ್ದು, ರಾತ್ರಿಯೆಲ್ಲ ಮನೆಮಂದಿ ಒಲೆಯ ಸುತ್ತ ಕೂತು ಕಡಲೆಕಾಯಿ ತಿನ್ನುವುದು, ಆ ತಿನ್ನುವ ಸುಖ, ಆ ಹಸಿವು. ಅದನ್ನು ಓದಿದವಳು ಸಾಕವ್ವನನ್ನು ಮರೆಯುವುದಿಲ್ಲ. ಆಮೇಲೆ ‘ಕುಸುಮಬಾಲೆ’ಯನ್ನು ಯಾರಾದರೂ ಗಟ್ಟಿಯಾಗಿ ಓದಿ ಕೇಳಿಸಲಿ. ಕಣ್ಣಿಗಿಂತ ಕಿವಿಗೆ ಅದು ಬೇಗ ಒಲಿಯುತ್ತದೆ.

‘ಮಲೆಗಳಲ್ಲಿ ಮದುಮಗಳು’ ಕೂಡ ಹಾಗೆಯೇ. 1967ರಲ್ಲಿ ಬಂದ ಆ ಕಾದಂಬರಿಯ ಗಾತ್ರಕ್ಕೇ ಜನ ಹೆದರುತ್ತಾರೆ. ತೆಗೆದುಕೊಂಡು ಹೋದವರು ಅದೇ ವಾರ ತಂದಿಟ್ಟರೆ ನನಗೆ ತಿಳಿಯುತ್ತಿತ್ತು, ಮುಂದೆ ಹೋಗಿಲ್ಲ. ಹತ್ತಾರು ಮನೆತನ, ನೂರಾರು ಹೆಸರು. ಅಂಥವರಿಗೆ ನಾನು ಹೇಳುತ್ತಿದ್ದದ್ದು ಇಷ್ಟು: ಹೆಸರುಗಳನ್ನು ನೆನಪಿಡಲು ಹೋಗಬೇಡಿ, ಗುತ್ತಿಯನ್ನೂ ಅವನ ನಾಯಿ ಹುಲಿಯನನ್ನೂ ಹಿಂಬಾಲಿಸಿಕೊಂಡು ಕಾಡಿನಲ್ಲಿ ನಡೆಯಿರಿ, ಉಳಿದವರು ತಾವಾಗಿಯೇ ಸಿಗುತ್ತಾರೆ. ಹುಲಿಯನಿಗೆ ಏನಾಗುತ್ತದೆ ಎಂದು ನೀನು ಯಾರಿಗೂ ಹೇಳಬೇಡ. ಅದನ್ನು ಓದಿಯೇ ತಿಳಿಯಬೇಕು.

ಇಂಗ್ಲಿಷಿನಲ್ಲಷ್ಟೇ ಓದುವ ಗೆಳತಿಯರ ಬಗ್ಗೆ ನಿನಗೆ ಬೇಸರವಿರುವುದು ಕಂಡಿತು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದದಲ್ಲಿ ಸಿಗುತ್ತದೆ, ಒಂದೇ ಸಂಜೆಗೆ ಮುಗಿಯುವಷ್ಟು ಚಿಕ್ಕದು. ಅದನ್ನೇ ಕೊಡು. ಬಾನು ಮುಷ್ತಾಕರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅವರ ಕತೆಗಳನ್ನು ದೀಪಾ ಭಾಸ್ತಿಯವರ ಇಂಗ್ಲಿಷಿನಲ್ಲಿ ಓದಿ, ಕನ್ನಡದ್ದೆಲ್ಲಿ ಸಿಗುತ್ತದೆಂದು ಹುಡುಕಿದವರಿದ್ದಾರೆ. ಯಾವ ಬಾಗಿಲಿಂದ ಬಂದರೂ ಮನೆಯೊಳಕ್ಕೇ ಬಂದಂತೆ.

ಈಗ ಒಂದು ಎಚ್ಚರಿಕೆ. ಮನುಷ್ಯರನ್ನು ನೋಡಿ ಪುಸ್ತಕ ಹೇಳು ಎಂದೆನಲ್ಲ, ಅದನ್ನು ತಪ್ಪು ತಿಳಿಯಬೇಡ. ಅವರ ಸಮಯ ಎಷ್ಟು, ಮನಸ್ಸು ಹೇಗಿದೆ ಎಂಬುದನ್ನು ನೋಡು. ಅವರ ಬುದ್ಧಿಯನ್ನು ಅಳೆಯಲು ಮಾತ್ರ ಹೋಗಬೇಡ. ‘ಇದು ಅವರಿಗೆ ಅರ್ಥವಾಗದು’ ಎಂಬ ಮಾತು ನಿನ್ನ ಬಾಯಲ್ಲಿ ಬರಬಾರದು. ಹೆಗ್ಗೋಡು ನಮಗೆ ಹತ್ತಿರ. ಕೆ. ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಸತ್ಯಜಿತ್ ರೇ, ಕುರೊಸಾವಾ ಅವರ ಚಿತ್ರಗಳನ್ನು ನಮ್ಮ ಅಡಿಕೆ ತೋಟದ ಜನರಿಗೆ ತೋರಿಸಿದರು. ಬಂಗಾಳಿ ಬಾರದವರು, ಜಪಾನೀ ಭಾಷೆಯ ಹೆಸರು ಕೇಳಿರದವರು ಕೂತು ನೋಡಿದರು. ಹಳ್ಳಿಯವರಿಗೆ ಇಷ್ಟು ಸಾಕು ಎಂದು ಸುಬ್ಬಣ್ಣ ಅಂದುಕೊಂಡಿದ್ದರೆ ಇವತ್ತಿನ ಹೆಗ್ಗೋಡು ಇರುತ್ತಿರಲಿಲ್ಲ. ಜನರ ಮೇಲೆ ಅಂಥ ನಂಬಿಕೆಯಿಟ್ಟು ಕೊಡುವುದನ್ನು ನಾನು ದೊಡ್ಡ ಗೌರವವೆಂದು ತಿಳಿದಿದ್ದೇನೆ.

ಮನಸ್ಸಿನ ಸ್ಥಿತಿ ನೋಡು ಎಂದದ್ದಕ್ಕೂ ಕಾರಣವಿದೆ. ತ್ರಿವೇಣಿಯವರ ‘ಶರಪಂಜರ’ ನಮ್ಮಲ್ಲಿ ಸದಾ ಓಡಾಟದಲ್ಲಿದ್ದ ಕಾದಂಬರಿ. ಪುಟ್ಟಣ್ಣ ಕಣಗಾಲರ ಸಿನಿಮಾ, ಕಲ್ಪನಾ ಅವರ ಕಾವೇರಿ, ಎಲ್ಲರಿಗೂ ಗೊತ್ತು. ಬಾಣಂತನದಲ್ಲಿ ಮನಸ್ಸು ಕದಡಿದ ಹೆಣ್ಣೊಬ್ಬಳು ವಾಸಿಯಾಗಿ ಮನೆಗೆ ಬಂದ ಮೇಲೆ ಸುತ್ತಲಿನವರು ಅವಳನ್ನು ನೋಡುವ ರೀತಿಯ ಕತೆ ಅದು. ಅದನ್ನು ಓದಿ ‘ನನ್ನ ಮಾತನ್ನೇ ಯಾರೋ ಬರೆದಿದ್ದಾರೆ’ ಎಂದು ನನ್ನೆದುರು ಕಣ್ಣೀರಿಟ್ಟ ಹೆಣ್ಣುಮಕ್ಕಳಿದ್ದಾರೆ. ಅದೇ ಪುಸ್ತಕವನ್ನು ಆ ಕಷ್ಟದ ನಡುವೆಯೇ ಇರುವವಳ ಕೈಗೆ ಇಡಲು ನನಗೆ ಧೈರ್ಯವಿರಲಿಲ್ಲ. ಕಾವೇರಿಯ ಕೊನೆ ಅವಳಿಗೆ ಆ ಹೊತ್ತಿಗೆ ಬೇಕಾದದ್ದಲ್ಲ. ಸಾವು, ಕಾಯಿಲೆ, ಮಕ್ಕಳ ನೋವು ಇರುವ ಪುಸ್ತಕವಾದರೆ ಮೊದಲೇ ಹೇಳಿಬಿಡು. ‘ಇದರಲ್ಲಿ ಇಂಥದ್ದಿದೆ, ಈಗ ಬೇಕೋ, ಆಮೇಲೋ?’ ಎಂದು ಕೇಳಿದರೆ ಕತೆಯೇನೂ ಕೆಡುವುದಿಲ್ಲ.

ಸಿನಿಮಾ ಬೇರೆ ತರಹ. ಪುಸ್ತಕವನ್ನು ಬೇಡವೆನಿಸಿದಾಗ ಮುಚ್ಚಿಡಬಹುದು, ಸಿನಿಮಾ ಎರಡು ಗಂಟೆ ಹಿಡಿದು ಕೂರಿಸುತ್ತದೆ. ಅದಕ್ಕೇ ಜೊತೆಗೆ ಕೂತು ನೋಡುವುದು ಒಳ್ಳೆಯದು. ‘ತಿಥಿ’ಯನ್ನು ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆದ ಚಿತ್ರ ಎಂದು ಪರಿಚಯಿಸಿದರೆ ಅರ್ಧ ಜನ ಎದ್ದು ಹೋಗುತ್ತಾರೆ. ಮಂಡ್ಯದ ಕಡೆಯ ಹಳ್ಳಿಯಲ್ಲಿ ನೂರೊಂದು ವರ್ಷದ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ, ತಿಥಿಗೆ ಹನ್ನೊಂದು ದಿನ, ಅಷ್ಟರಲ್ಲಿ ಮಗ, ಮೊಮ್ಮಗ, ಮರಿಮಗ ಏನೇನು ಮಾಡುತ್ತಾರೆ ನೋಡು ಬಾ ಎನ್ನು. ಕೂರುತ್ತಾರೆ. ‘ಘಟಶ್ರಾದ್ಧ’ಕ್ಕೆ ಮಾತ್ರ ದಿನ ಗೊತ್ತುಮಾಡಿಕೊಂಡು ಕರೆ. ಯಮುನಕ್ಕ, ನಾಣಿಯರ ಆ ಕಪ್ಪುಬಿಳುಪಿನ ಚಿತ್ರ ನೋಡಿದ ರಾತ್ರಿ ಬೇರೆ ಕೆಲಸ ಸಾಗುವುದಿಲ್ಲ. ನೋಡುವಾಗ ‘ಈಗ ಬರ್ತದೆ, ಈಗ ನೋಡು’ ಎಂದು ಪಕ್ಕದವರನ್ನು ತಿವಿಯಬೇಡ, ಅವರ ಮುಖವನ್ನೂ ನೋಡುತ್ತ ಕೂರಬೇಡ. ನಗು, ಅಳು ಅವರಿಗೆ ಬಂದಾಗ ಬರಲಿ.

ಕೊಟ್ಟ ಮೇಲೆ ಸುಮ್ಮನಿರುವುದು ಎಲ್ಲಕ್ಕಿಂತ ಕಷ್ಟ. ‘ಓದಿದೆಯಾ, ಎಲ್ಲಿಗೆ ಬಂತು?’ ಎಂದು ಬೆನ್ನು ಹತ್ತಿದರೆ ಓದು ಹೋಂವರ್ಕ್ ಆಗುತ್ತದೆ. ಅವರು ಓದಿ, ‘ನನಗೇನೂ ಅನ್ನಿಸಲಿಲ್ಲ’ ಎಂದರೆ ವಾದಕ್ಕಿಳಿಯಬೇಡ. ಎಲ್ಲಿ ಬೇಸರವಾಯಿತು ಎಂದು ಕೇಳು, ಮುಂದಿನ ಪುಸ್ತಕ ಆರಿಸಲು ಅದು ಬೇಕು. ನಿನಗೆ ತೀರಾ ಪ್ರೀತಿಯ ಪುಸ್ತಕವಾದರೆ ಎರಡು ಪ್ರತಿ ಕೊಂಡಿಟ್ಟುಕೊಂಡು ಒಂದನ್ನು ಕೊಟ್ಟುಬಿಡು. ನಮ್ಮಲ್ಲಿ ಎಷ್ಟೋ ಪುಸ್ತಕ ಸಾವಿರ ಪ್ರತಿಯಷ್ಟೇ ಅಚ್ಚಾಗುತ್ತವೆ. ಹಿಂದೆ ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ನೀನು ಒಂದು ಪ್ರತಿಯನ್ನು ಬ್ಯಾಗಿನಲ್ಲಿ ಒಯ್ಯಬಹುದು.

ಇನ್ನೊಂದು ಕೇಳಬೇಕು. ಆ ಗೆಳತಿಯರು ನಿನಗೆ ಹೇಳಿದ ಪುಸ್ತಕ ಯಾವುದು? ನಿನ್ನ ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ. ಪಕ್ಕದ ಸೀಟಿನವಳು ಯಾವುದೋ ತಮಿಳು ಸಿನಿಮಾ ನೋಡು ಎಂದಿದ್ದಳೆಂದು ಕಳೆದ ಸಲ ಫೋನಿನಲ್ಲಿ ನೀನೇ ಹೇಳಿದ್ದೆ. ಈ ಭಾನುವಾರ ಅದನ್ನು ನೋಡು. ಸೋಮವಾರ ಅವಳೊಡನೆ ಕೂತು ಮಾತಾಡು, ಅವಳಿಗೆ ಅದರಲ್ಲಿ ಏನು ಹಿಡಿಸಿತು ಎಂದು ಪೂರ್ತಿ ಕೇಳಿಸಿಕೋ. ಅವಳಿಗೆ ಯಾವ ಪುಸ್ತಕ ಕೊಡಬೇಕೆಂದು ಆಮೇಲೆ ನನಗೆ ಬರೆ.

ಇಂತಿ,
ನಿನ್ನ ಅತ್ತೆ